ಟ್ಯೂಬುಲಿನ್ನಿನ ಪಾಠಭೇದ ವಿಚಾರ

ಜೀವಕೋಶವು ಇಬ್ಭಾಗವಾಗುವಾಗ ವರ್ಣತಂತುಗಳನ್ನು ಎರಡು ಕಡೆಗೆ ಸೆಳೆಯುವ ಸೂಕ್ಷ್ಮನಾಳಗಳು ಟ್ಯೂಬುಲಿನ್ ಎಂಬ ಪ್ರೋಟೀನಿನಿಂದ ಆದುವು. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಔಷಧವು ಅದರ ಬೀಟಾ ಭಾಗವನ್ನು ಹಿಡಿದು, ನಾಳಗಳು ಬಿಚ್ಚದಂತೆ ಮಾಡಿ, ಅರ್ಬುದಕೋಶದ ವಿಭಜನೆಯನ್ನು ತಡೆಯುವುದು.

1999ರಲ್ಲಿ ಪ್ರಕಟವಾದ ಲೇಖನವೊಂದು, ಈ ಔಷಧವನ್ನು ಪಡೆದ 49 ಮಂದಿ ಶ್ವಾಸಕೋಶಾರ್ಬುದ ರೋಗಿಗಳಲ್ಲಿ 16 ಮಂದಿಯ ಬೀಟಾಟ್ಯೂಬುಲಿನ್ ಜೀನು ಮಾರ್ಪಟ್ಟಿತ್ತೆಂದೂ ಅವರಲ್ಲಿ ಒಬ್ಬರಿಗೂ ಔಷಧವು ಫಲಿಸಲಿಲ್ಲವೆಂದೂ ಸಾರಿತು. ಈ ಗುರುತನ್ನು ನಂಬಿ ನಡೆದರೆ ಮೂವರಲ್ಲೊಬ್ಬರಿಗೆ ಔಷಧವನ್ನು ನಿರಾಕರಿಸಬೇಕಾಗುವುದಷ್ಟೆ.

ವಾದವು ಸೊಗಸಾದರೂ ಆಧಾರವು ನಿಲ್ಲದು. ಈ ಜೀನನ್ನೇ ಬಹುವಾಗಿ ಹೋಲುವ, ಆದರೆ ಪ್ರೋಟೀನನ್ನು ರಚಿಸದ, ಮಿಥ್ಯಾಜೀನುಗಳು ಮಾನವನಲ್ಲಿ ಹಲವುಂಟು. 2001 ಮತ್ತು 2002ರ ಸಂಶೋಧಕರು ನಿಜವಾದ ಜೀನನ್ನೇ ಪ್ರತ್ಯೇಕಿಸಿ ಓದಲಾಗಿ, ಅಂತಹ ಮಾರ್ಪಾಡುಗಳು ಅತಿವಿರಳವೆಂದು ಕಂಡುಬಂದಿತು. ಮೊದಲು ಓದಿದ್ದು ಮಿಥ್ಯಾಜೀನನ್ನೇ ಇರಬೇಕೆಂಬ ನಿರ್ಣಯವೂ ಹೊರಟಿತು. ಅನ್ಯಕೃತಿಯ ಗರಿಗಳು ಕಟ್ಟಿನಲ್ಲಿ ಸೇರಿರಲು, ಅವನ್ನು ಮೂಲದ ಪಾಠಾಂತರವೆಂದೆಣಿಸುವ ಸಂಪಾದಕನ ಪ್ರಮಾದವೇ ಇದು.

ಟ್ಯೂಬುಲಿನ್ನು ಗುರುತಾಗಲಾರದೆಂದು ಇದರಿಂದ ಸಿದ್ಧಿಸದು. ಸಾಮಾನ್ಯವಾಗಿ ನರಕೋಶಗಳಲ್ಲಿ ಹೆಚ್ಚಾಗಿರುವ ಮೂರನೆಯ ವರ್ಗದ ಬೀಟಾಟ್ಯೂಬುಲಿನ್ನು ಕೆಲವು ಅರ್ಬುದಗಳಲ್ಲಿ ವಿಪುಲವಾಗಿರುವುದಕ್ಕೂ ಔಷಧವು ಸೋಲುವುದಕ್ಕೂ ಸಂಬಂಧವು ಅನೇಕ ಸಂಶೋಧನೆಗಳಲ್ಲಿ ತೋರಿದೆ, ಎಲ್ಲದರಲ್ಲಿಯೂ ಅಲ್ಲ. ಗುರುತು ಯಾವುದೇ ಇರಲಿ, ವ್ಯಾಖ್ಯಾನಕ್ಕೆ ಮೊದಲು ಪಾಠಶೋಧನೆಯು ನಡೆಯತಕ್ಕದ್ದು.