ವಿಲ್ಸನ್ನರ ಚಾಕು, ಚಂದ್ರಬಂಡದ ಪಹಣಿ

ಸಾರ್ವಜನಿಕ ಆಡಳಿತವನ್ನು ಪದವಿ ತರಗತಿಗೆ ಪರಿಚಯಿಸುವ ಕನ್ನಡ ಪಠ್ಯದ ಮೊದಲ ಘಟಕದಲ್ಲಿ ಏನಿರುತ್ತದೆಂದು ಹೇಳಲು ಪುಸ್ತಕ ತೆರೆಯಬೇಕಿಲ್ಲ. ಅರ್ಥ, ಸ್ವರೂಪ, ವ್ಯಾಪ್ತಿ, ಮಹತ್ವ. ಅದಾದ ಮೇಲೆ 1887ರ ಪ್ರಬಂಧ ಮತ್ತು ಅದನ್ನು ಬರೆದ 'ಪಿತಾಮಹ' ವುಡ್ರೋ ವಿಲ್ಸನ್. ಅವರ ಬೆನ್ನಿಗೇ ಆಡಳಿತದ ಕೆಲಸಗಳ ಪಟ್ಟಿಯಾದ ಗುಲಿಕ್ಕರ ಪೋಸ್ಡ್‌ಕಾರ್ಬ್. ಈ ಸಾಲಿನಲ್ಲಿ ಅತಿ ಹೆಚ್ಚು ಗೌರವ ಪಡೆದು, ಅತಿ ಕಡಿಮೆ ಓದಿಸಿಕೊಂಡಿರುವುದು ವಿಲ್ಸನ್ನರ ಪ್ರಬಂಧ. ರಾಜಕೀಯ ಬೇರೆ, ಆಡಳಿತ ಬೇರೆ ಎಂಬ ಒಂದು ವಾಕ್ಯಕ್ಕೆ ಅದನ್ನು ಇಳಿಸಿ, ಐದು ಅಂಕದ ಟಿಪ್ಪಣಿ ಮಾಡಿ ಮುಗಿಸಲಾಗುತ್ತದೆ. ಪಿತಾಮಹನ ಪಟ್ಟವೂ ಆಮೇಲೆ ಕಟ್ಟಿದ್ದು. ಪ್ರಕಟವಾದ ಮೇಲೆ ದಶಕಗಟ್ಟಲೆ ಆ ಪ್ರಬಂಧವನ್ನು ಉಲ್ಲೇಖಿಸಿದವರೇ ವಿರಳ ಎಂಬುದನ್ನು ಆಡಳಿತಶಾಸ್ತ್ರದ ವಿದ್ವಾಂಸ ಪಾಲ್ ವ್ಯಾನ್ ರೈಪರ್ 1980ರ ದಶಕದಲ್ಲೇ ತೋರಿಸಿದ್ದರು. ಆ ಮಾತು ನಮ್ಮ ಪಠ್ಯಗಳಿಗೆ ಇನ್ನೂ ತಲುಪಿಲ್ಲ.

ಹಾಗಾದರೆ ವಿಲ್ಸನ್ನರನ್ನು ಕೈಬಿಡಬೇಕೆ? ಬೇಡ. ಟಿಪ್ಪಣಿಯನ್ನು ಬಿಟ್ಟು ಪ್ರಬಂಧವನ್ನು ಓದಬೇಕು, ಅದರಲ್ಲೂ ಒಂದು ಭಾಗವನ್ನು ನಿಧಾನವಾಗಿ ಓದಬೇಕು. ಪ್ರಷ್ಯಾ, ಫ್ರಾನ್ಸ್‌ಗಳಂಥ ದೊರೆಗಳು ಆಳಿದ್ದ ನಾಡುಗಳಿಂದ ಆಡಳಿತದ ವಿದ್ಯೆಯನ್ನು ಕಲಿತರೆ ಅಲ್ಲಿನ ದಬ್ಬಾಳಿಕೆಯೂ ಜೊತೆಗೆ ಬಾರದೆ ಎಂಬ ಶಂಕೆಗೆ ಅವರು ಕೊಡುವ ಉತ್ತರ ಪ್ರಸಿದ್ಧವಾದದ್ದು. ಕೊಲೆಗಡುಕನೊಬ್ಬ ಜಾಣತನದಿಂದ ಚಾಕು ಮಸೆಯುತ್ತಿದ್ದರೆ, ಅವನ ಉದ್ದೇಶವನ್ನು ಮುಟ್ಟದೆಯೂ ಮಸೆಯುವ ಬಗೆಯನ್ನು ನಾನು ಕಲಿಯಬಹುದು ಎಂಬುದು ಅದರ ತಿರುಳು. ಕೇಳಿದ ಕೂಡಲೇ ಒಪ್ಪಬೇಕೆನಿಸುವ ವಾದ. ಆದರೆ ಚಾಕುವನ್ನು ಎಷ್ಟು ಮಸೆಯಬೇಕು, ಯಾವ ಬದಿಗೆ ಮಸೆಯಬೇಕು ಎಂಬುದು ಏನನ್ನು ಕೊಯ್ಯಬೇಕಾಗಿದೆ ಎಂಬುದರ ಮೇಲೆಯೇ ನಿಂತಿದೆ. ಉದ್ದೇಶ ಮಸೆಯುವಾಗಲೇ ಅಲಗಿಗೆ ಇಳಿದಿರುತ್ತದೆ. ಇದು ವಿಲ್ಸನ್ನರಿಗೆ ಹೊಳೆದಿರಲಿಲ್ಲ ಎನ್ನುವಂತಿಲ್ಲ. ಹೊರಗಿನಿಂದ ತಂದ ಆಡಳಿತ ವಿದ್ಯೆಯ ಮೈಯಿಂದ ಅಧಿಕಾರಶಾಹಿಯ ಜ್ವರವನ್ನು ಇಳಿಸಿ, ಅದನ್ನು ಪೂರಾ ಅಮೆರಿಕದ್ದಾಗಿಸಬೇಕು ಎಂದು ಅದೇ ಪ್ರಬಂಧದಲ್ಲಿ ಅವರೇ ಬರೆಯುತ್ತಾರೆ. ಬರಿಯ ಉಪಕರಣಕ್ಕೆ ಜ್ವರ ಎಲ್ಲಿಂದ ಬಂತು? ಒಂದು ಕಡೆ ವಿಧಾನಕ್ಕೆ ಉದ್ದೇಶದ ಸೋಂಕಿಲ್ಲ ಎನ್ನುತ್ತಾರೆ, ಇನ್ನೊಂದು ಕಡೆ ಸೋಂಕಿಗೆ ಮದ್ದು ಹೇಳುತ್ತಾರೆ. ಪ್ರಬಂಧದ ಜೀವ ಇರುವುದು ಈ ಬಿರುಕಿನಲ್ಲಿ. ಪಠ್ಯಗಳು ಮೊದಲ ಮಾತನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿವೆ.

ಪ್ರಬಂಧಕ್ಕೆ ಅದರ ಕರ್ತೃವೇ ಬದುಕಿನಲ್ಲಿ ಬರೆದ ಭಾಷ್ಯವೂ ಪಠ್ಯದಲ್ಲಿಲ್ಲ. ವಿಲ್ಸನ್ 1913ರಲ್ಲಿ ಅಮೆರಿಕದ ಅಧ್ಯಕ್ಷರಾದರು. ಅದೇ ವರ್ಷ ಖಜಾನೆ ಇಲಾಖೆ, ಅಂಚೆ ಇಲಾಖೆಗಳಲ್ಲಿ ಕಪ್ಪು ನೌಕರರನ್ನು ಬಿಳಿಯರಿಂದ ಬೇರ್ಪಡಿಸಿ ಕೂರಿಸಲಾಯಿತು. 1914ರಿಂದ ಸರ್ಕಾರಿ ನೌಕರಿಯ ಅರ್ಜಿಗೆ ಭಾವಚಿತ್ರ ಕಡ್ಡಾಯವಾಯಿತು. ಭಾವಚಿತ್ರ ಅಂಟಿಸಿ ಎಂಬುದಕ್ಕಿಂತ ನಿರ್ಲಿಪ್ತವಾದ ಸೂಚನೆ ಯಾವ ಅರ್ಜಿಯಲ್ಲಿದೆ? ಅರ್ಜಿದಾರನ ಮೈಬಣ್ಣ ಆಯ್ಕೆಗೆ ಮೊದಲೇ ಗೊತ್ತಾಗುವಂತೆ ಮಾಡಲು ಅಷ್ಟು ಸಾಕಾಗಿತ್ತು.

ನಿರ್ಲಿಪ್ತವಾಗಿ ಕಾಣುವ ನಮೂನೆಯಲ್ಲೂ ಉದ್ದೇಶ ಇಳಿದಿರುತ್ತದೆ ಎಂಬ ಮಾತಿಗೆ ರಾಯಚೂರು ತಾಲ್ಲೂಕಿನ ಚಂದ್ರಬಂಡದ ವಿದ್ಯಾರ್ಥಿ ವಾಷಿಂಗ್ಟನ್ನಿನ ತನಕ ಹೋಗಬೇಕಿಲ್ಲ, ಮನೆಯ ಟ್ರಂಕಿನಲ್ಲಿರುವ ಪಹಣಿ ಸಾಕು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಗ್ರಾಮ ಲೆಕ್ಕಿಗರ ಬಗಲಲ್ಲಿದ್ದ ಕೈಬರಹದ ದಫ್ತರದ ಏಕಸ್ವಾಮ್ಯ ಮುರಿಯಿತು. ಇದು ಸಣ್ಣ ಸಾಧನೆಯಲ್ಲ. ಪಠ್ಯದ ಕೊನೆಯಲ್ಲಿ ಬರುವ ಇ-ಆಡಳಿತದ ಅಧ್ಯಾಯ ಇದನ್ನು ಹೊಗಳುವುದರಲ್ಲೂ ತಪ್ಪಿಲ್ಲ. ಆದರೆ ಹೊಗಳಿಕೆಯಲ್ಲಿ ಬರುವುದು ವೇಗ, ಪಾರದರ್ಶಕತೆ, ದಕ್ಷತೆ, ಅಂದರೆ ಮಸೆತದ ಗುಣಗಳು ಮಾತ್ರ. ಪಹಣಿಯಲ್ಲಿ 9ನೇ ಕಾಲಂ ಮಾಲೀಕನದು, 12ನೇ ಕಾಲಂ ಸಾಗುವಳಿದಾರನದು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕೆಲವು ವಿನಾಯಿತಿಗಳನ್ನು ಬಿಟ್ಟು ಗೇಣಿಯನ್ನೇ ನಿಷೇಧಿಸಿತು. ಉಳುವವನನ್ನು ಒಡೆಯನಾಗಿಸಲು ಬಂದ ಕಾನೂನು ಅದು. ಅದರ ಫಲವಾಗಿ ಇಂದು ಬಾಯಿಮಾತಿನ ಮೇಲೆ ಹೊಲ ಲೀಸಿಗೆ ಹಿಡಿದು ಹತ್ತಿಯನ್ನೋ ಭತ್ತವನ್ನೋ ಬೆಳೆಯುವವನು 12ನೇ ಕಾಲಂನಲ್ಲಿ ಕಾಣಿಸಿಕೊಳ್ಳುವಂತಿಲ್ಲ. ಅವನ ಹೆಸರು ಬರೆಯಿಸುವುದೆಂದರೆ ಮಾಲೀಕ ಭೂಮಿ ಕಳೆದುಕೊಳ್ಳುವ ಅಪಾಯವನ್ನು ತಾನೇ ಕರೆದಂತೆ. ಬೆಳೆಸಾಲವೂ ಬೆಳೆಹಾನಿ ಪರಿಹಾರವೂ ಪಹಣಿಯನ್ನು, ಅದಕ್ಕೆ ಜೋಡಿಸಿದ ರೈತ ನೋಂದಣಿಯ ಫ್ರೂಟ್ಸ್ ಐಡಿಯನ್ನು ಹಿಡಿದೇ ನಡೆಯುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗಕ್ಕೆ ಬಾರದೆ ಮಾನ್ವಿ ಕಡೆ ಬೆಳೆ ಒಣಗಿದರೆ, ನಷ್ಟ ಲೀಸಿನವನದು, ಪರಿಹಾರ ಜಮಾ ಆಗುವುದು ಪಹಣಿದಾರನ ಖಾತೆಗೆ. ಕಂಪ್ಯೂಟರು ಇಲ್ಲಿ ತಪ್ಪು ಮಾಡಿಲ್ಲ. ಕಾಲಂ ಹೇಳಿದ್ದನ್ನು ಮೊದಲಿಗಿಂತ ಚುರುಕಾಗಿ ಮಾಡಿದೆ, ಅಷ್ಟೆ. ಯಾರನ್ನು ಕಾಣಬೇಕು, ಯಾರನ್ನು ಕಾಣಬಾರದು ಎಂಬ ರಾಜಕೀಯ ತೀರ್ಮಾನ ನಮೂನೆಯ ಗೆರೆಗಳಲ್ಲಿಯೇ ಕೂತಿದೆ.

ವಿಲ್ಸನ್ನರ ಮೇಲೆ, 'ಭೂಮಿ'ಯ ಮೇಲೆ ಈ ಮುಂಚೆ ಮುಗಿಬಿದ್ದ ನಮ್ಮ ವಿಮರ್ಶಕರ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅವರ ಚಿಕಿತ್ಸೆ ರೋಗಕ್ಕಿಂತ ಹೆಚ್ಚು ಭಿನ್ನವಾಗಿಲ್ಲ. ಪರದೇಶಿ ಪಿತಾಮಹ ಬೇಡ, ಕೌಟಿಲ್ಯನಿಂದ ಆರಂಭಿಸೋಣ ಎನ್ನುವ ಗುಂಪು ಈಚೆಗೆ ಬಲವಾಗಿದೆ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ್ದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಆ ಗ್ರಂಥ ಆಡಳಿತವನ್ನು ಅಧಿಕಾರದಿಂದ ಎಂದೂ ಬೇರ್ಪಡಿಸಲಿಲ್ಲ ಎಂಬುದೂ ನಿಜ. ಸಮಾಹರ್ತೃ ಯಾರಿಗಾಗಿ ತೆರಿಗೆ ಎತ್ತುತ್ತಾನೆ, ಗೂಢಚಾರ ಯಾರ ಮೇಲೆ ಕಣ್ಣಿಡುತ್ತಾನೆ ಎಂಬುದರಲ್ಲಿ ಕೌಟಿಲ್ಯನಿಗೆ ಮುಚ್ಚುಮರೆಯಿಲ್ಲ. ಆದರೆ ಹೊಸ ಟಿಪ್ಪಣಿಗಳಲ್ಲಿ ಅವನಿಗೆ ಆಗಿರುವುದೇನು? ರಾಜ್ಯದ ಸಪ್ತಾಂಗಗಳು ಏಳು, ತೀರ್ಥರೆಂಬ ಅಧಿಕಾರಿಗಳು ಹದಿನೆಂಟು ಎಂಬ ಕಂಠಪಾಠದ ಪಟ್ಟಿ. ಪೋಸ್ಡ್‌ಕಾರ್ಬಿಗೆ ಸಂಸ್ಕೃತದ ಜೋಡಿ ಸಿಕ್ಕಂತಾಯಿತು. ಪಿತಾಮಹ ಬದಲಾದ, ಓದುವ ಕ್ರಮ ಬದಲಾಗಲಿಲ್ಲ. ಇನ್ನೊಂದು ಗುಂಪಿನದು ಬೆಂಗಳೂರಿನ ಎಡಪಂಥೀಯ ತಕರಾರು. ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ 'ಭೂಮಿ'ಯನ್ನು ರಾಜಕೀಯವನ್ನು ಮರೆಮಾಡುವ ಯಂತ್ರವೆಂದು ಟೀಕಿಸಿದರು. ಚುರುಕಾದ ಟೀಕೆ, ಇಂದಿಗೂ ಓದಬೇಕಾದದ್ದು. ಆದರೆ ಅದರ ಕಣ್ಣಿದ್ದದ್ದು ರಾಜಧಾನಿಯ ಸುತ್ತಲಿನ ಭೂಮಾರುಕಟ್ಟೆಯ ಮೇಲೆ. ರಾಯಚೂರು ಜಿಲ್ಲೆಯ ದೇವದುರ್ಗದಲ್ಲಿ ಜಮೀನಿಗೆ ಬಿಲ್ಡರ್ ಕಾದು ನಿಂತಿಲ್ಲ. ಇಲ್ಲಿನ ಲೀಸುದಾರ ಮಾರುಕಟ್ಟೆಗೆ ಜಾಗ ಬಿಟ್ಟು ಕಾಣೆಯಾದವನಲ್ಲ, ಸಮಾಜವಾದದ ಹೆಸರಿನಲ್ಲಿ ಬಂದ ಕಾನೂನೇ ಅವನನ್ನು ದಾಖಲೆಯಿಂದ ಆಚೆ ಇಟ್ಟಿತು. ಈ ತೊಡಕು ಆ ಟೀಕೆಯ ಚೌಕಟ್ಟಿಗೆ ಒಗ್ಗುವುದಿಲ್ಲ.

ಇಷ್ಟೆಲ್ಲ ಮೊದಲ ಸೆಮಿಸ್ಟರಿಗೆ ಭಾರವಾಗುತ್ತದೆ, ಕನ್ನಡ ಮಾಧ್ಯಮದ ಹುಡುಗರಿಗೆ ಮೊದಲು ವ್ಯಾಖ್ಯೆ ಬೇಕು, ನಾಳೆ ಪಿಡಿಓ, ಕೆಎಎಸ್ ಪರೀಕ್ಷೆಗಳೂ ಅದನ್ನೇ ಕೇಳುತ್ತವೆ ಎಂಬ ಆಕ್ಷೇಪಣೆ ಬರುತ್ತದೆ. ಪರೀಕ್ಷೆಯ ಮಾತು ನಿಜ. ಭಾರದ ಮಾತು ಸುಳ್ಳು. ನಾಡಕಚೇರಿಯಲ್ಲಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸಾಲು ನಿಂತು ಬಂದವರಿಗೆ ನಮೂನೆಯೊಂದು ಏನು ಮಾಡಬಲ್ಲದೆಂದು ಹೇಳಿಕೊಡಬೇಕಾದದ್ದು ಕಡಿಮೆ. ಸೂಚ್ಯಂಕವೂ ಅಂಥದೇ ಒಂದು ನಮೂನೆ. ಪ್ರಾದೇಶಿಕ ಅಸಮತೋಲನ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಸೂಚ್ಯಂಕ ಕಟ್ಟಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಹೆಸರಿಸಿತು. ದೇವದುರ್ಗ ಆ 39ರಲ್ಲಿದೆ. ಸೂಚ್ಯಂಕಕ್ಕೆ ಯಾವ ಅಂಶ ಸೇರಬೇಕು, ಯಾವುದು ಬೇಡ ಎಂಬುದು ಆಡಳಿತದ ಪ್ರಶ್ನೆಯೋ ರಾಜಕೀಯದ ಪ್ರಶ್ನೆಯೋ? ಸಂವಿಧಾನದ 98ನೇ ತಿದ್ದುಪಡಿಯಿಂದ ಕಲ್ಯಾಣ ಕರ್ನಾಟಕಕ್ಕೆ ಬಂದ 371(ಜೆ) ವಿಧಿಯ ಮೀಸಲಾತಿಯನ್ನು ನೆಚ್ಚಿ ನೌಕರಿಗೆ ಅರ್ಜಿ ಹಾಕಲಿರುವ ತರಗತಿಗೆ ಎರಡೂ ಬೇರೆಬೇರೆ ಎಂದು ಮೊದಲ ದಿನವೇ ಬರೆಯಿಸುವುದು, ಆ ತರಗತಿ ಆಗಲೇ ಬಲ್ಲದ್ದನ್ನು ಅಳಿಸುವ ಕೆಲಸ. ಮೊದಲ ವಾರ ಪಹಣಿಯನ್ನು ಕಾಲಂ ಕಾಲಂ ಓದಿಸಲಿ, ಎರಡನೆಯ ವಾರ ನಂಜುಂಡಪ್ಪ ವರದಿಯ ಕೋಷ್ಟಕಗಳನ್ನು. ಮೂರನೆಯ ವಾರ ವಿಲ್ಸನ್ ಬರಲಿ, ಪಕ್ಕದಲ್ಲಿ 1914ರ ಭಾವಚಿತ್ರದ ನಿಯಮವನ್ನೂ ಇಟ್ಟುಕೊಂಡು. ವ್ಯಾಖ್ಯೆಗಳಿಗೆ ಸೆಮಿಸ್ಟರಿನ ಕೊನೆಯ ಎರಡು ತಾಸು ಧಾರಾಳವಾಯಿತು.