ಫ್ಲಾಶರ್ ಎಂಬ ಪುಟ್ಟ ಡಬ್ಬಿ

ಮೋಟಾರುಸೈಕಲ್ಲಿನ ಸೀಟಿನಡಿಯಲ್ಲೋ ಹೆಡ್‌ಲೈಟಿನ ಹಿಂಬದಿಯಲ್ಲೋ ಅಡಗಿ ಕುಳಿತು, ತಿರುವು ಬಂದಾಗ ಮಾತ್ರ ಟಿಕ್ ಟಿಕ್ ಎಂದು ತನ್ನ ಅಸ್ತಿತ್ವವನ್ನು ಸಾರುವ ಫ್ಲಾಶರ್ ರಿಲೇಯು, ನನ್ನ ಮಟ್ಟಿಗೆ, ಇಡೀ ವಾಹನದ ಅತ್ಯಂತ ಪ್ರಾಮಾಣಿಕವಾದ ಅಂಗ. ಹಳೆಯ ಮಾದರಿಯದರಲ್ಲಿ ವಿದ್ಯುತ್ತು ಹರಿದು ಕಾದ ಲೋಹದ ಪಟ್ಟಿಯು ಬಾಗಿ ಸಂಪರ್ಕವನ್ನು ಬದಲಿಸುವುದೂ, ತಣಿದೊಡನೆ ಮೊದಲಿನ ಸ್ಥಿತಿಗೆ ಮರಳುವುದೂ ನಡೆಯುತ್ತಿದ್ದುದರಿಂದ, ಇಂಡಿಕೇಟರುಗಳ 10 ವ್ಯಾಟಿನ ಬಲ್ಬುಗಳನ್ನು ಕಿತ್ತು ಒಂದೆರಡು ವ್ಯಾಟಿನ ಎಲ್‌ಇಡಿಗಳನ್ನು ತೊಡಿಸಿದರೆ, ಕಾಯುವಷ್ಟು ವಿದ್ಯುತ್ತೇ ದೊರೆಯದೆ ಅದು ಮಿನುಗಿಸುವುದನ್ನೇ ನಿಲ್ಲಿಸುತ್ತದೆ. ಎಲೆಕ್ಟ್ರಾನಿಕ್ ಜಾತಿಯ ಹಲವಾದರೋ, ಬಲ್ಬೊಂದು ಸುಟ್ಟುಹೋಯಿತೆಂದು ಬಗೆದು, ಸವಾರನನ್ನು ಎಚ್ಚರಿಸಲೋಸುಗ ಅತಿವೇಗದಿಂದ ಮಿನುಗಿಸತೊಡಗುತ್ತವೆ. ಇದನ್ನು ದೋಷವೆನ್ನುವುದು ಅನ್ಯಾಯ. ಇದಕ್ಕೆ ಪರಿಹಾರವೆಂದು ಎಲ್‌ಇಡಿಗೆ ಸಮಾನಾಂತರವಾಗಿ ರೆಸಿಸ್ಟರು ಜೋಡಿಸಿ, ಉಳಿದ ವಿದ್ಯುತ್ತನ್ನು ವೃಥಾ ಶಾಖವಾಗಿಸುವುದು ನನಗೆ ಸೇರದು. ಎಲ್‌ಇಡಿಗೆ ತಕ್ಕ ಫ್ಲಾಶರನ್ನೇ, ತಂತಿಗಳ ಕ್ರಮವನ್ನು ನೋಡಿಕೊಂಡು, ಹಾಕಿಸುವುದು ಲೇಸು. ಆ ಬಳಿಕವೂ ನಾಲ್ಕು ದೀಪಗಳೂ ಒಟ್ಟಿಗೆ ಮಿನುಗಿದರೆ, ಮೀಟರಿನೊಳಗಣ ಒಂಟಿ ಸೂಚಕದೀಪದ ಮೂಲಕ ವಿದ್ಯುತ್ತು ಎದುರು ಪಕ್ಕಕ್ಕೆ ನುಸುಳುತ್ತಿರಬೇಕು. ಎಡಬಲಗಳ ತಂತಿಗಳನ್ನು ಒಂದೊಂದು ಡಯೋಡಿನ ಮೂಲಕ ಆ ದೀಪಕ್ಕೆ ತಂದು, ಅದರ ಇನ್ನೊಂದು ತುದಿಯನ್ನು ಅರ್ತಿಂಗಿಗೆ ಕೊಟ್ಟರೆ ತೀರಿತು.