ದನವಿಲ್ಲದ ದನಗಾಹಿ

“ನಮ್ಮೊಳಗ ಕೌಬಾಯ್ ಕಥಿ ಯಾಕಿಲ್ರೀ ಸರ?” ಎಂದು ನಮ್ಮ ಬಿ.ಎ. ತರಗತಿಯ ಹುಡುಗನೊಬ್ಬ ಈಚೆಗೆ ಕೇಳಿದ. ವಡಗಾವಿಯಲ್ಲಿ ನೇಕಾರರ ಮನೆಯೊಂದರಲ್ಲಿ ಕೋಣೆ ಹಿಡಿದು ಓದುತ್ತಿರುವವನು. ಊರು ಅಥಣಿಯ ಕಡೆ. ಮಗ್ಗದ ಸದ್ದಿನ ನಡುವೆ ಮೊಬೈಲಿನಲ್ಲಿ ಅಮೆರಿಕದ ಕುದುರೆ ಸವಾರರ ಚಿತ್ರ ನೋಡುವುದು ಅವನ ಹವ್ಯಾಸವಂತೆ. ನಕ್ಕು ಸುಮ್ಮನಾಗಬಹುದಿತ್ತು, ಆದರೆ ಪಾಠ ಹೇಳುವವನನ್ನು ಇಂಥ ಪ್ರಶ್ನೆ ಸುಲಭವಾಗಿ ಬಿಡುವುದಿಲ್ಲ.

ಇಲ್ಲವೆಂದು ಹೇಗೆ ಹೇಳೋಣ? 1973ರಲ್ಲಿಯೇ ದ್ವಾರಕೀಶರ ‘ಕೌಬಾಯ್ ಕುಳ್ಳ’ ಬಂದಿತು. ಆದರೆ ನೆನಪಿನಲ್ಲಿ ನಿಲ್ಲುವುದು ವೇಷ, ದನವಲ್ಲ. ಇದಕ್ಕೆ ನಮ್ಮವರನ್ನಷ್ಟೇ ದೂರುವುದು ನ್ಯಾಯವಲ್ಲ. ಈ ಬಗೆಯ ಕಾದಂಬರಿಗೆ ಮೇಲ್ಪಂಕ್ತಿಯಾದ ಓವೆನ್ ವಿಸ್ಟರನ ‘ದಿ ವರ್ಜೀನಿಯನ್’ (1902) ಕೃತಿಯಲ್ಲಿಯೂ ದನ ಕಾಯುವ ದುಡಿಮೆ ಕಾಣುವುದು ಅಪರೂಪ. ನಿಜವಾದ ಕೌಬಾಯ್, ಟೆಕ್ಸಾಸಿನಿಂದ ಕ್ಯಾನ್ಸಾಸಿನ ರೈಲು ನಿಲ್ದಾಣಗಳವರೆಗೆ ದನ ಹೊಡೆದುಕೊಂಡು ಹೋಗುತ್ತಿದ್ದ ಕೂಲಿಯಾಳು. 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿ ಬಯಲನ್ನು ಕಟ್ಟಿಹಾಕಿತು. 1886-87ರ ಚಳಿಗೆ ಲಕ್ಷಗಟ್ಟಲೆ ದನ ಸತ್ತವು. ಕಸುಬು ಮುಗಿಯುತ್ತ ಬಂದಂತೆ ಕಥೆ ಬೆಳೆಯಿತು. ಸ್ಪೇನಿನವರು ತಂದ ಕುದುರೆಗಳ ಸಂತತಿಯಾದ ಅಲ್ಲಿನ ಕಾಡುಕುದುರೆಗಳಿಗೂ 1971ರಲ್ಲಿ ಕಾಯಿದೆಯ ಆಸರೆ ಬೇಕಾಯಿತು.

ಕನ್ನಡದಲ್ಲಿ ಇದರ ನಿಜವಾದ ನೆಂಟ ತುರುಗೊಳ್. ಹಳ್ಳಿಯ ಗುಡಿಯ ಮಗ್ಗುಲಲ್ಲಿ ಒರಗಿರುವ ವೀರಗಲ್ಲುಗಳಲ್ಲಿ ಎಷ್ಟೋ ಕಲ್ಲುಗಳು ದನ ಬಿಡಿಸಲು ಹೋಗಿ ಮಡಿದವರವು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರ ಹೆಂಗಳೆಯರ ಮುಂದೆ ಕೊಚ್ಚಿಕೊಂಡು, ಕೌರವರ ಸೈನ್ಯ ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ನಾವು ನಗುತ್ತೇವೆ. ಆದರೂ ಆ ನಗೆಗೆ ತೂಕವಿದೆ. ಹೋದದ್ದು ಊರಿನ ಹೈನು. ಅದೇ ಹೇಡಿ ಕೊನೆಗೆ ಕುದುರೆಗಳ ವಾಘೆ ಹಿಡಿದು ಬೃಹನ್ನಳೆಗೆ ಸಾರಥಿಯಾಗುವುದು ಇನ್ನಾವ ಕೌಬಾಯ್ ಕಥೆಗೆ ಕಡಿಮೆ?

ಇಷ್ಟು ಹೇಳಿ ನಾನು ಗೆದ್ದೆನೆಂದುಕೊಂಡೆ. ಹುಡುಗ ಎದ್ದು, “ದನ ಕಾಯೋರು ಅದರಾಗ ಬರೇ ಸುದ್ದಿ ತರಾಕ ಬರ್ತಾರಲ್ರೀ ಸರ” ಎಂದ.

ಒಪ್ಪಬೇಕಾದ ಮಾತು. ನಮ್ಮ ಮಹಾಕವಿಯೂ ಗೋವಳರನ್ನು ಬಾಗಿಲಲ್ಲಿಯೇ ನಿಲ್ಲಿಸಿದ. ನಮ್ಮ ಕಾದಂಬರಿಕಾರರಿಗೆ ಹೊಲ, ಮನೆ, ಮಠಗಳು ಕಂಡಷ್ಟು ಗಾಯರಾಣ ಕಂಡಿಲ್ಲ. ಚಿಕ್ಕೋಡಿ, ಅಥಣಿಗಳ ಕುರಿಗಾರರು ಹಿಂಡು, ನಾಯಿ, ಕುದುರೆಗಳೊಡನೆ ಊರೂರು ಸುತ್ತುತ್ತಾರೆ; ರೈತರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಾರೆ. ಅವರ ಕುದುರೆ ಕಾಡುಕುದುರೆಯಲ್ಲ, ಪಂದ್ಯದ ಕುದುರೆಯೂ ಅಲ್ಲ. ಮನೆಯನ್ನೇ ಹೊತ್ತು ನಡೆಯುವ ಗಿಡ್ಡ ತಟ್ಟು.

ಹುಡುಗ ಕುರಿಗಾರರ ಮನೆಯವನೆಂದು ನನಗೆ ತಿಳಿದದ್ದೇ ಆಗ. ಬರೆದು ತಾ ಎಂದೆ. ಮುಂದಿನ ವಾರ ಎರಡು ಪುಟ ತಂದ. ಕಾಗುಣಿತ ಅಲ್ಲಲ್ಲಿ ತಪ್ಪಿದೆ, ಪಿಸ್ತೂಲಿಲ್ಲ, ಟೋಪಿಯಿಲ್ಲ. ರಾತ್ರಿ ದೂರ ಹೋಗದಂತೆ ಕುದುರೆಯ ಮುಂಗಾಲಿಗೆ ಹಗ್ಗ ಬಿಗಿಯುವ ಅಜ್ಜನಿದ್ದಾನೆ. ಬೆಳಗಾಗ ಆ ಹಗ್ಗ ಬಿಚ್ಚಿ, ಹಿಂದಿನ ರಾತ್ರಿ ಹುಟ್ಟಿದ ಮರಿಯನ್ನು ಚೀಲದಲ್ಲಿಟ್ಟು ಕುದುರೆಯ ಮೇಲೆ ಕಟ್ಟುತ್ತಾನೆ. ತಾಯಿಕುರಿ ಆ ಚೀಲವನ್ನೇ ನೋಡುತ್ತ ಹಿಂದೆ ನಡೆಯುತ್ತದೆ.